ಮೂವತ್ತೊಂದು ಸೆಕೆಂಡಿನ ಕುಸ್ತಿ

ಆ ವಿಡಿಯೋದಲ್ಲಿ ನಾನು ಬಹಳ ಚೆಂದ ಕಾಣುತ್ತೇನೆ. ಕೆಂಪು ಮಣ್ಣು ಮೆತ್ತಿದ ಮೈ, ಬಿಗಿದ ಲಂಗೋಟ, ಬಿಸಿಲಿಗೆ ಹೊಳೆಯುವ ಬೆನ್ನು. ಕೆಳಗೆ ಅರ್ಜುನ ಬೋರಲಾಗಿ ಮಲಗಿದ್ದಾನೆ, ಮೇಲೆ ನಾನು. ಒಂದು ಸಲ ಜಗ್ಗುತ್ತೇನೆ, ಅವನು ಹೊರಳುತ್ತಾನೆ, ಅವನ ಎರಡೂ ಭುಜ ಮಣ್ಣಿಗೆ ಹತ್ತುತ್ತವೆ. ಹಲಗಿ ಬಡಿಯುತ್ತದೆ, ಜನ ಹೋ ಎನ್ನುತ್ತಾರೆ, ಯಾರೋ ನನ್ನನ್ನು ಹೆಗಲ ಮೇಲೆ ಎತ್ತಿಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು. ಎಲ್ಲ ಸೇರಿ ಮೂವತ್ತೊಂದು ಸೆಕೆಂಡು.

ಒಂದು ತಿಂಗಳಲ್ಲಿ ಅದನ್ನು ಹನ್ನೊಂದು ಸಾವಿರ ಮಂದಿ ನೋಡಿದ್ದರು. ಎರಡು ಸಾವಿರದ ಒಂಬತ್ತನೆಯ ಇಸವಿ ಅದು. ನಮ್ಮ ಕಡೆ ಇಂಟರ್ನೆಟ್ ಇನ್ನೂ ತಾಲೂಕಿನ ಊರುಗಳಲ್ಲೇ ತೆವಳುತ್ತಿದ್ದ ಕಾಲ. ಆದರೂ ಅಷ್ಟು ಮಂದಿ ನೋಡಿ ಕೆಳಗೆ ಶಾಬಾಸ್ ಪೈಲವಾನ, ಹತ್ತರಗಿ ಹುಲಿ ಎಂದೆಲ್ಲ ಬರೆದಿದ್ದರು.

ಅರ್ಜುನ ಆ ಮಣ್ಣಿನಿಂದ ಏಳಲೇ ಇಲ್ಲ. ಅದು ವಿಡಿಯೋದಲ್ಲಿಲ್ಲ. ನಾನು ಏನು ಮಾಡಿದೆ ಎಂಬುದು ನನ್ನ ತೋಳಿಗೆ ಗೊತ್ತು, ಅವನ ಕೊರಳಿಗೆ ಗೊತ್ತಿತ್ತು. ಮೂರನೆಯವರಿಗೆ ಹೇಳುವ ಧೈರ್ಯ ನನಗಿರಲಿಲ್ಲ, ಅವನ ತಾಯಿ ಬಂದು ಕೇಳುವವರೆಗೆ.

ನಮ್ಮದು ಹತ್ತರಗಿ. ಹೆದ್ದಾರಿಯ ಬಗಲಿಗೇ ನಮ್ಮ ಕಬ್ಬಿನ ಹೊಲ. ಜೈನರ ಮನೆ. ಅವ್ವ ಸೀತಾಬಾಯಿ ನೀರನ್ನು ಬಟ್ಟೆಯಲ್ಲಿ ಸೋಸದೆ ಒಲೆಗೆ ಇಡುವವಳಲ್ಲ. ಸೋಸಿದ ಮೇಲೆ ಆ ಬಟ್ಟೆಯನ್ನು ಮತ್ತೆ ಬಾವಿಯ ನೀರಿನಲ್ಲೇ ಜಾಲಿಸಿ ಬರುತ್ತಿದ್ದಳು. ಕಣ್ಣಿಗೆ ಕಾಣದ ಜೀವಗಳು ಅದರಲ್ಲಿದ್ದರೆ ತಮ್ಮ ಮನೆಗೆ ತಾವು ಹೋಗಲಿ ಎಂದು. ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ನಾನು, ಗೊಮ್ಮಟೇಶ, ಪೈಲವಾನನಾದೆ. ಅದರಲ್ಲಿ ವಿಚಿತ್ರವೇನೂ ಇಲ್ಲ, ನಮ್ಮ ಕಡೆ ಜೈನ ಪೈಲವಾನರು ಬೇಕಾದಷ್ಟು. ಹಾಲು, ತುಪ್ಪ, ಬದಾಮಿಯ ಮೇಲೇ ಮೈ ಬೆಳೆಸುತ್ತೇವೆ. ಅಪ್ಪ ಜಿನಪ್ಪ ನನ್ನೊಬ್ಬನ ಸಲುವಾಗಿಯೇ ಎರಡು ಎಮ್ಮೆ ಕಟ್ಟಿದ್ದ.

ನನಗೆ ಕುಸ್ತಿ ಕಲಿಸಿದವರು ಸತ್ಯಪ್ಪ ವಸ್ತಾದರು. ಅವರ ತಾಲೀಮಿನಲ್ಲಿ ಹನ್ನೆರಡು ವರ್ಷ ಮಣ್ಣು ತಿಂದಿದ್ದೇನೆ. ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಕಲಸಿ ಹದ ಮಾಡುವುದನ್ನು ಕಲಿತ ಮೇಲೇ ಅವರು ಮೊದಲ ಪಟ್ಟು ಹೇಳಿಕೊಟ್ಟಿದ್ದು. ಅವರ ಕೈಯಲ್ಲಿ ಸದಾ ಒಂದು ಬಿದಿರಿನ ಬೆತ್ತ. ಕಾಲು ತಪ್ಪಿಟ್ಟರೆ ಕಾಲಿಗೆ, ಕೈ ತಪ್ಪಿಟ್ಟರೆ ಕೈಗೆ. ನನ್ನ ಎಡಗಿವಿ ಒಣಗಿದ ಅಂಜೂರದಂತೆ ಮುದುಡಿರುವುದು, ಮೂಗು ಒಂದು ಕಡೆ ವಾಲಿರುವುದು ಎಲ್ಲ ಆ ತಾಲೀಮಿನ ಕೊಡುಗೆ. ನೆತ್ತರು ನೋಡಿ ಹೆದರುವ ಚಟ ಹದಿನೈದನೆಯ ವರ್ಷಕ್ಕೇ ಬಿಟ್ಟುಹೋಗಿತ್ತು.

ಅರ್ಜುನ ಕೌಜಲಗಿಯವನು. ತಂದೆ ಯಲ್ಲಾರಿ ಅವನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದ. ತಾಯಿ ಕರೆವ್ವ ಕಬ್ಬು ಕಡಿಯಲು ಹೋಗುತ್ತಿದ್ದಳು, ಮಗನೂ ಹೋಗುತ್ತಿದ್ದ. ಹಗಲೆಲ್ಲ ಕಬ್ಬು ಕಡಿದು, ಹೊರೆ ಎತ್ತಿ ಟ್ರ್ಯಾಕ್ಟರಿಗೆ ಒಟ್ಟಿ, ಸಂಜೆ ತಾಲೀಮಿಗೆ ಇಳಿಯುತ್ತಿದ್ದ. ಅವನ ಮೈ ಬದಾಮಿಯ ಮೈಯಲ್ಲ, ಹೊರೆ ಹೊತ್ತ ಮೈ. ಅವರ ಮನೆ ಊರ ಹೊರಗಿನ ಓಣಿಯಲ್ಲಿ. ಮಣ್ಣಿನ ಆಚೆ ನಮ್ಮವರು ಯಾರೂ ಅವನ ಮೈ ಮುಟ್ಟುವವರಲ್ಲ, ಅವನ ಮನೆಯ ನೀರು ಕುಡಿಯುವವರಲ್ಲ. ಮಣ್ಣಿಗಿಳಿದರೆ ಮಾತ್ರ ನನ್ನ ಎದೆ ಅವನ ಬೆನ್ನಿಗೆ, ಅವನ ಬೆವರು ನನ್ನ ಬಾಯಿಗೆ.

ಕುಸ್ತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮ ಮಣ್ಣಿನ ಕುಸ್ತಿಯಲ್ಲಿ ಸೋಲು ಎಂದರೆ ಒಂದೇ: ಎರಡೂ ಭುಜ ನೆಲಕ್ಕೆ ಹತ್ತಬೇಕು. ಅದಕ್ಕೆ ಚಿತ್ ಎನ್ನುತ್ತೇವೆ. ಬೋರಲಾಗಿ ಮಲಗಿದವನು ಸೋತವನಲ್ಲ. ಅವನ ಮೇಲೆ ನೀವು ಗುಡ್ಡ ಹೇರಿದರೂ ಅವನು ಸೋತವನಲ್ಲ. ಬಾಯಿಂದಲೋ ಕೈಯಿಂದಲೋ ಸೋತೆ ಎಂದು ಒಪ್ಪಿಕೊಳ್ಳುವ ಪದ್ಧತಿಯೇ ನಮ್ಮಲ್ಲಿಲ್ಲ. ಪಂಚರ ಕಣ್ಣು ಭುಜದ ಮೇಲೆ, ಜನರ ಕಣ್ಣೂ ಭುಜದ ಮೇಲೆ.

ಬೋರಲು ಮಲಗುವುದರಲ್ಲಿ ಅರ್ಜುನನನ್ನು ಮೀರಿಸುವವರು ಮೂರು ತಾಲೂಕಿನಲ್ಲಿ ಇರಲಿಲ್ಲ. ಉಡದ ಹಾಗೆ ನೆಲಕ್ಕೆ ಕಚ್ಚಿಕೊಳ್ಳುತ್ತಿದ್ದ. ಮೇಲಿನವನು ಜಗ್ಗಿ ಜಗ್ಗಿ ಸುಸ್ತಾದಾಗ ಸಟ್ಟನೆ ಎದ್ದು ಒಂದೇ ಹೊಡೆತಕ್ಕೆ ಅವನನ್ನು ಚಿತ್ ಮಾಡುತ್ತಿದ್ದ. ನನ್ನೊಂದಿಗೆ ಮೂರು ಸಲ ಆಡಿದ. ಮೂರು ಸಲವೂ ನಾನು ಮೇಲೆ, ಅವನು ಕೆಳಗೆ. ಮೂರು ಸಲವೂ ಹೊತ್ತು ಮೀರಿತೆಂದು ಪಂಚರು ಬರಾಬರಿ ಎಂದು ಬಿಡಿಸಿದರು. ಮೂರನೆಯದು ಹುಕ್ಕೇರಿಯಲ್ಲಿ. ನಾನು ಮೊಣಕಾಲಿನಿಂದ ಅವನ ಪಕ್ಕೆಗೆ ಗುದ್ದುತ್ತಿದ್ದೆ, ಮುಂಗೈಯಿಂದ ಕಿವಿ ಉಜ್ಜುತ್ತಿದ್ದೆ, ಅವನ ಕಿವಿಯಿಂದ ನೆತ್ತರು ಇಳಿದು ಮಣ್ಣು ಕಪ್ಪಾಗುತ್ತಿತ್ತು. ಅವನು ಮಣ್ಣಿನಲ್ಲಿ ಮುಖವಿಟ್ಟುಕೊಂಡೇ ಮಾತಾಡಿದ.

"ಸಾವಕಾರ್ರ, ಊಟಾ ಮಾಡಿ ಬಂದೀರೋ ಇಲ್ಲೋ? ಇವತ್ತ ಭಾರ ಕಮ್ಮಿ ಅನಸಾಕತ್ತೈತಿ."

ಮುಂದಿನ ಸಾಲಿನಲ್ಲಿ ಕೂತವರಿಗೆಲ್ಲ ಅದು ಕೇಳಿಸಿತು. ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಸೋತಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಅವನಲ್ಲಿ ಕೆಟ್ಟತನವಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕುಸ್ತಿ ಮುಗಿದ ಮೇಲೆ ಮೈ ತೊಳೆಯುವ ಹೌದಿನ ಹತ್ತಿರ ಅವನೇ ಬಂದ. ಕಿವಿಗೆ ಅರಿಶಿನ ಒತ್ತಿ ಹಿಡಿದಿದ್ದ.

"ಬ್ಯಾಸರ ಮಾಡ್ಕೋಬ್ಯಾಡ್ರಿ. ಒಂದ ಮಾತ ಹೇಳ್ತೇನಿ, ನೀವು ಜಗ್ಗೂಮುಂದ ಎಡಗಾಲು ಭಾಳ ದೂರ ಇಡ್ತೀರಿ. ಅದಕ್ಕ ನಾ ಪ್ರತಿಸಲ ಉಳಕೊಂತೇನಿ."

ತನ್ನನ್ನು ಸೋಲಿಸುವ ದಾರಿಯನ್ನು ತಾನೇ ಹೇಳಿಕೊಟ್ಟ. ನಾನು ಬೆನ್ನು ತಿರುಗಿಸಿ ಅಂಗಿ ಹಾಕಿಕೊಂಡು ಬಂದೆ. ಅವನಿಂದ ಕಲಿಯುವುದೇ? ನನ್ನ ಸೊಕ್ಕು ಒಪ್ಪಲಿಲ್ಲ.

ಹುಕ್ಕೇರಿಯಲ್ಲಿ ಕೆಂಚಪ್ಪ ಎಂಬವನು ಆಗ ಹೊಸದಾಗಿ ನೆಟ್ ಅಂಗಡಿ ಹಾಕಿದ್ದ. ಪ್ಲೈವುಡ್ ಹಲಗೆಯಿಂದ ಮಾಡಿದ ನಾಲ್ಕು ಗೂಡು, ನಾಲ್ಕು ಕಂಪ್ಯೂಟರ್. ರಸಗೊಬ್ಬರ ತರಲು ಹೋದಾಗ ಅಲ್ಲಿ ಕೂತು ಕುಸ್ತಿಯ ವಿಡಿಯೋ ಹುಡುಕುವುದು ನನ್ನ ರೂಢಿಯಾಯಿತು. ಒಂದು ದಿನ ಪರದೇಶದ ಒಂದು ವಿಡಿಯೋ ಸಿಕ್ಕಿತು. ತಂತಿ ಜಾಳಿಗೆಯ ಪಂಜರ, ಒಳಗೆ ಇಬ್ಬರು. ಗುದ್ದುತ್ತಾರೆ, ಒದೆಯುತ್ತಾರೆ, ಬಿದ್ದವನ ಮುಖಕ್ಕೆ ಮೊಣಕೈಯಿಂದ ಹೊಡೆಯುತ್ತಾರೆ. ಹುಬ್ಬು ಹರಿದು ನೆತ್ತರು ಚಿಮ್ಮುತ್ತದೆ. ಆಮೇಲೆ ಒಬ್ಬ ಬೋರಲಾಗಿ ಮಲಗುತ್ತಾನೆ, ಥೇಟ್ ಅರ್ಜುನನ ಹಾಗೆ. ಮೇಲಿನವನು ಹಿಂದಿನಿಂದ ಅವನ ಗದ್ದದ ಕೆಳಗೆ ತೋಳು ತೂರಿಸಿ, ಇನ್ನೊಂದು ಕೈಯಿಂದ ಅದನ್ನು ಬಿಗಿದು, ಎದೆಯ ಭಾರವನ್ನೆಲ್ಲ ಕುತ್ತಿಗೆಯ ಮೇಲೆ ಬಿಡುತ್ತಾನೆ. ಕೆಳಗಿನವನು ಅಂಗೈಯಿಂದ ನೆಲವನ್ನು ಮೂರು ಸಲ ತಟ್ಟುತ್ತಾನೆ. ತಕ್ಷಣ ಪಂಚ ಓಡಿಬಂದು ಬಿಡಿಸುತ್ತಾನೆ. ಇಬ್ಬರೂ ಎದ್ದು ತಬ್ಬಿಕೊಳ್ಳುತ್ತಾರೆ. ಸೋತವನು ನೀರು ಕುಡಿಯುತ್ತಾ ನಗುತ್ತಾನೆ.

ಅಂಥವು ಹತ್ತಾರು ಇದ್ದವು. ಎಲ್ಲವನ್ನೂ ನೋಡಿದೆ. ಬಸ್ಕಿ ಹೊಡೆದು ಬೆಳೆದವನಿಗೆ ಎಣಿಕೆ ನಾಲಿಗೆಯ ಮೇಲೇ ಇರುತ್ತದೆ, ಎಣಿಸುತ್ತಾ ಕೂತೆ. ಯಾವನೂ ಹದಿನೈದರ ಮೇಲೆ ತಡೆಯಲಿಲ್ಲ. ಹೆಚ್ಚಿನವರು ಒಂಬತ್ತು ಹತ್ತಕ್ಕೇ ತಟ್ಟಿದರು. ಎಲ್ಲರೂ ಎದ್ದರು, ಎಲ್ಲರೂ ನಕ್ಕರು. ನೆತ್ತರು ಅಷ್ಟು ಹರಿದರೂ ಆ ವಿಡಿಯೋಗಳಲ್ಲಿ ಒಬ್ಬನೂ ಸಾಯುವುದಿಲ್ಲ. ಎಷ್ಟು ಸುಲಭವಾಗಿದೆಯಲ್ಲ ಎನಿಸಿತು ನನಗೆ. ಜೀವನದಲ್ಲಿ ಮೊದಲ ಸಲ ನನ್ನ ವಸ್ತಾದರು ಹಳೆಯ ಕಾಲದ ಮುದುಕರಂತೆ ಕಂಡರು.

ತಾಲೀಮಿನಲ್ಲಿ ನನ್ನ ಜೋಡಿ ರಾಯಪ್ಪ. ವಸ್ತಾದರು ಇಲ್ಲದ ಹೊತ್ತಿನಲ್ಲಿ ಅವನ ಮೇಲೆ ಆ ಹಿಡಿತ ಹಾಕಿ ನೋಡಿದೆ. ತಡೆಯದಿದ್ದರೆ ನೆಲ ತಟ್ಟು ಎಂದು ಮೊದಲೇ ಹೇಳಿದ್ದೆ. ಎಂಟಕ್ಕೆ ತಟ್ಟಿದ, ಬಿಟ್ಟೆ. ಎದ್ದು ಕೂತವನ ಕಣ್ಣು ಕೆಂಪಾಗಿದ್ದವು, ಬಾಯಿಂದ ಜೊಲ್ಲು ಇಳಿಯುತ್ತಿತ್ತು.

"ಇದ ಕುಸ್ತಿ ಅಲ್ಲೋ ಮಾರಾಯಾ," ಅಂದ. "ಜೀವಾ ಹೊಂಟಂಗಾತು."

ಅವನೇ ಹೋಗಿ ವಸ್ತಾದರಿಗೆ ಹೇಳಿದ. ಮರುದಿನ ವಸ್ತಾದರು ಏನೂ ಕೇಳಲಿಲ್ಲ, ಬೆತ್ತ ತೆಗೆದುಕೊಂಡು ಬೆನ್ನು, ತೊಡೆ, ಮುಂಗೈ ನೋಡದೆ ಬಾರಿಸಿದರು. ಬೆತ್ತ ಸೀಳಿಹೋಯಿತು. ಇಪ್ಪತ್ತೈದು ವರ್ಷದ ಗಂಡಸು ನಾನು, ಕೈ ಕಟ್ಟಿ ನಿಂತು ತಿಂದೆ.

"ಕುತ್ತಿಗಿಗೆ ಕೈ ಹಾಕಾಂವ ಪೈಲವಾನ ಅಲ್ಲ, ಕಟುಕ," ಅಂದರು. "ಎಲ್ಲಿ ಕಲತಿ ಇದನ್ನ?"

"ನೆಟ್ಟಿನ್ಯಾಗ ನೋಡೇನ್ರಿ."

"ಅಲ್ಲಿ ಬಿಡಸಾಕ ಒಬ್ಬ ನಿಂತಿರ್ತಾನ. ಇಲ್ಲಿ ಯಾರ ಅದಾರ?"

ನಾನು ತಲೆ ಬಗ್ಗಿಸಿ ಕಾಲು ಮುಟ್ಟಿದೆ. ಒಳಗೊಳಗೆ, ಈ ಮುದುಕನಿಗೆ ಏನು ಗೊತ್ತು ಎಂದುಕೊಂಡೆ. ಅವರು ಹೇಳಿದ ಆ ಒಂದು ಮಾತು ಕಿವಿಗೆ ಬಿದ್ದಿದ್ದರೆ ಸಾಕಿತ್ತು. ಬೆತ್ತದ ಉರಿಯಷ್ಟೇ ಮೈಯಲ್ಲಿ ಉಳಿಯಿತು.

ಕುಸ್ತಿ ಮೂಡಲಗಿಯಲ್ಲಿ ಗೊತ್ತಾಯಿತು. ಮೂರು ಸಲ ಬರಾಬರಿಯಾದ ಜೋಡಿ ಎಂದು ಕಮಿಟಿಯವರು ಈ ಸಲ ನಿಕಾಲಿ ಕುಸ್ತಿ ಎಂದು ಸಾರಿದರು. ನಿಕಾಲಿ ಎಂದರೆ ಹೊತ್ತಿನ ಮಿತಿಯಿಲ್ಲ, ಬರಾಬರಿಯಿಲ್ಲ. ಒಬ್ಬ ಚಿತ್ ಆಗುವ ತನಕ ಇಬ್ಬರೂ ಮಣ್ಣು ಬಿಡುವಂತಿಲ್ಲ. ಬೆಳ್ಳಿಯ ಕಡಗ ಇಟ್ಟಿದ್ದರು. ಕಣಗಲಾ, ಕೌಜಲಗಿ, ಗೋಕಾಕ ಎಲ್ಲ ಕಡೆಯಿಂದ ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದಿದ್ದರು. ಮಧ್ಯಾಹ್ನ ನಾಲ್ಕರ ಬಿಸಿಲು.

ಅರ್ಜುನ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಬಂದ. ಕೈ ಕೂಡಿಸುವಾಗ ನಕ್ಕ. "ಇವತ್ತ ಎಡಗಾಲು ಸಂಬಾಳಸ್ರಿ," ಅಂದ.

ಮೊದಲ ಐದು ನಿಮಿಷ ನಿಂತೇ ಆಡಿದೆವು. ನಾನು ಅವನ ಹಣೆಗೆ ಹಣೆ ಗುದ್ದಿದೆ. ಅವನ ಹುಬ್ಬು ಒಡೆಯಿತು. ಅವನು ನನ್ನ ಕೊರಳಿನ ಹಿಂಬದಿಗೆ ಅಂಗೈಯಿಂದ ಅಪ್ಪಳಿಸಿದ. ಕಣ್ಣಿಗೆ ಕತ್ತಲೆ ಬಂತು. ನಾನು ಅವನ ಕಾಲು ಜಗ್ಗಿ ಕೆಡವಿದೆ. ಬೀಳುವಾಗ ಅವನ ಬಾಯಿ ನನ್ನ ಮೊಣಕಾಲಿಗೆ ಬಡಿದು ಒಂದು ಹಲ್ಲು ಕಿತ್ತುಬಂತು. ನೆತ್ತರಿನೊಂದಿಗೆ ಅದನ್ನು ಉಗುಳಿದ. ಹಲಗಿಯವರು ಹುಚ್ಚೆದ್ದು ಬಾರಿಸುತ್ತಿದ್ದರು. ಅರ್ಜುನ ಎಂದಿನಂತೆ ಬೋರಲಾಗಿ ನೆಲ ಕಚ್ಚಿದ. ನಾನು ಬೆನ್ನೇರಿದೆ.

ಜಗ್ಗುವ ನಾಟಕ ಮಾಡಿದೆ. ಅವನು ಜಗ್ಗಾಟ ತಡೆಯಲು ಎರಡೂ ಕೈಯನ್ನು ಹೊಟ್ಟೆಯ ಕೆಳಗೆ ಸೇರಿಸಿಕೊಂಡ. ಆಗ ತೋಳನ್ನು ಗದ್ದದ ಕೆಳಗೆ ತೂರಿಸಿದೆ. ನನ್ನ ತಲೆಯನ್ನು ಅವನ ತಲೆಗೆ ಒತ್ತಿ ಹಿಡಿದಿದ್ದರಿಂದ ಪಂಚರಿಗೆ ತೋಳು ಕಾಣಲಿಲ್ಲ. ಅವರು ನೆಲಕ್ಕೆ ಗಲ್ಲ ಹಚ್ಚಿ ಅವನ ಭುಜ ನೋಡುತ್ತಿದ್ದರು. ಬೋರಲು ಇದ್ದವನಿಗೆ ಆಗುವುದಾದರೂ ಏನು? ಎಲ್ಲರ ಲೆಕ್ಕದಲ್ಲಿ ಅವನು ಸುರಕ್ಷಿತವಾಗಿದ್ದ.

ಬಿಗಿದೆ. ಎಣಿಸಿದೆ. ಒಂಬತ್ತಾಯಿತು, ಹದಿನೈದಾಯಿತು. ಅವನು ನೆಲ ತಟ್ಟಲಿಲ್ಲ. ಎಲ್ಲಿಂದ ತಟ್ಟಬೇಕು? ಹಾಗೆ ತಟ್ಟುವುದುಂಟು ಎಂದು ಅವನಿಗೆ ಯಾರು ಹೇಳಿದ್ದರು? ಅವನು ಆ ವಿಡಿಯೋ ನೋಡಿದವನಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ, ಮಣ್ಣಿಗೆ ಬೆನ್ನು ಕೊಡಬಾರದು. ಹೊಟ್ಟೆಯ ಕೆಳಗಿನ ಕೈಗಳನ್ನು ಅವನು ಹೊರಗೇ ತೆಗೆಯಲಿಲ್ಲ. ತೆಗೆದರೆ ನಾನು ಹೊರಳಿಸುತ್ತೇನೆ ಎಂದು ಅವನ ಭಯ. ಇಪ್ಪತ್ತಾಯಿತು, ಮೂವತ್ತಾಯಿತು. ಅವನ ಕಾಲಿನ ಹೆಬ್ಬೆರಳು ಮಣ್ಣನ್ನು ಕೆದರುತ್ತಿತ್ತು. ಗಂಟಲಿನಿಂದ ಗೊರಗೊರ ಸಪ್ಪಳ ಬಂತು. ಹಲಗಿಯ ಗದ್ದಲದಲ್ಲಿ ಅದು ನನಗೊಬ್ಬನಿಗೇ ಕೇಳಿಸಿತು. ಐವತ್ತಾಯಿತು. ಅಲ್ಲಿಂದ ಮುಂದೆ ಎಷ್ಟು ಎಣಿಸಿದೆ ಎಂಬುದನ್ನು ಆಗ ಯಾರಿಗೂ ಹೇಳಲಿಲ್ಲ.

ಕಡೆಗೆ ಅವನ ಮೈ ಹಗುರಾಯಿತು. ತೋಳು ಬಿಟ್ಟು ಒಂದೇ ಸಲಕ್ಕೆ ಹೊರಳಿಸಿದೆ. ಮೂರು ಕುಸ್ತಿಯಲ್ಲಿ ಅಲುಗದವನು ಹಾಸಿಗೆಯ ಹಾಗೆ ಮಗುಚಿಕೊಂಡ. ಎರಡೂ ಭುಜ ಮಣ್ಣಿಗೆ. ಪಂಚರು ಕೈ ಎತ್ತಿದರು. ಜನ ಒಳಗೆ ನುಗ್ಗಿ ನನ್ನನ್ನು ಎತ್ತಿದರು. ಮೇಲಿನಿಂದ ನೋಡಿದೆ, ಅರ್ಜುನ ಆಕಾಶಕ್ಕೆ ಕಣ್ಣು ತೆರೆದು ಮಲಗಿದ್ದ, ಕಣ್ಣಿನಲ್ಲಿ ಮಣ್ಣು ಬಿದ್ದಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ನಾಲಿಗೆ ಹಲ್ಲಿನ ನಡುವೆ ಸಿಕ್ಕಿತ್ತು. ಮೊದಲು ಓಡಿಬಂದವರು ಸತ್ಯಪ್ಪ ವಸ್ತಾದರು. ಅವನ ಎದೆಗೆ ಕಿವಿಯಿಟ್ಟರು, ಬಾಯಿಗೆ ಬಾಯಿ ಹಚ್ಚಿ ಊದಿದರು, ಕೆನ್ನೆಗೆ ಹೊಡೆದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಹೆಗಲ ಮೇಲೆ ಕೂತ ನನ್ನ ಕೈಯಲ್ಲಿ ಆಗಲೇ ಬೆಳ್ಳಿಯ ಕಡಗ ಇತ್ತು.

ದವಾಖಾನೆಗೆ ಒಯ್ಯುವ ದಾರಿಯಲ್ಲೇ ಮುಗಿದಿತ್ತು. ಅಸಲಿಗೆ ಮಣ್ಣಿನಲ್ಲೇ ಮುಗಿದಿತ್ತು.

ಠಾಣೆಯಲ್ಲಿ ಫೌಜದಾರರು ಕೇಳಿದರು. ನಾನು, ಎಂದಿನ ಪಟ್ಟು ಹಾಕಿದ್ದೆ, ಹೊರಳಿಸಿದೆ, ಏನಾಯಿತೋ ಗೊತ್ತಿಲ್ಲ ಎಂದೆ. ಅವನ ಕೊರಳ ಮೇಲೆ ಗುರುತಿದೆ, ಅಲ್ಲಿ ಎಷ್ಟು ಹೊತ್ತು ಕೈ ಹಾಕಿದ್ದೆ ಎಂದು ಕೇಳಿದಾಗ ಸ್ವಲ್ಪ ಹೊತ್ತು ಎಂದೆ. ಅಷ್ಟರಲ್ಲಿ ಕಣಗಲಾದ ಒಬ್ಬ ಹುಡುಗ ತನ್ನ ಮೊಬೈಲ್ ಹಿಡಿದುಕೊಂಡು ಬಂದ. ಅದರಲ್ಲಿ ಜಾಗ ಕಡಿಮೆ ಇತ್ತಂತೆ. ಹಾಡುಗಳನ್ನು ಅಳಿಸಿ ಜಾಗ ಮಾಡಿಕೊಳ್ಳುವಷ್ಟರಲ್ಲಿ ಕುಸ್ತಿ ಮುಗಿಯುವ ಹಂತಕ್ಕೆ ಬಂದಿತ್ತಂತೆ. ಕೊನೆಯ ಮೂವತ್ತೊಂದು ಸೆಕೆಂಡು ಸಿಕ್ಕಿತ್ತು. ಅವನು ನಿಂತಿದ್ದ ಮಗ್ಗುಲಿಗೆ ನನ್ನ ತೋಳು ಕಾಣುತ್ತಿತ್ತು, ಆದರೆ ಅದು ಅರ್ಜುನನ ಕೊರಳಿನಲ್ಲಿ ಇರುವುದು ಎಂಟೇ ಸೆಕೆಂಡು. ಫೌಜದಾರರು ನಾಲ್ಕು ಸಲ ನೋಡಿದರು.

"ಎಂಟ ಸೆಕೆಂಡಿಗೆ ಯಾರರ ಸಾಯ್ತಾರೇನ್ರಿ?" ಎಂದು ಪಂಚರನ್ನು ಕೇಳಿದರು.

ಮಣ್ಣಿನಲ್ಲಿ ಮುಖ ಒತ್ತಿದಾಗ ಒಮ್ಮೊಮ್ಮೆ ಉಸಿರು ಕಟ್ಟುತ್ತದೆ ಎಂದು ಪಂಚರು ಬರೆಸಿದರು. ವಿಡಿಯೋ ನನ್ನ ಸಾಕ್ಷಿಯಾಯಿತು. ಸುಳ್ಳು ಹೇಳುವ ಕೆಲಸವನ್ನೂ ಅದೇ ಮಾಡಿಕೊಟ್ಟಿತು, ನಾನು ಸುಮ್ಮನೆ ಕೂತಿದ್ದರೆ ಸಾಕಾಗಿತ್ತು. ಅದೇ ಹುಡುಗ ಅದನ್ನು ನೆಟ್ಟಿಗೆ ಹಾಕಿದ. ಸತ್ತ ವಿಷಯ ಬರೆಯಲಿಲ್ಲ. ಹತ್ತರಗಿ ಪೈಲವಾನನ ಭರ್ಜರಿ ಗೆಲುವು ಎಂದು ಬರೆದ.

ಮನೆಯಲ್ಲಿ ಅವ್ವ ಎರಡು ದಿನ ಉಪವಾಸ ಮಾಡಿದಳು. ಬಸದಿಗೆ ಕರೆದುಕೊಂಡು ಹೋಗಿ, ಅರಿಯದೆ ಆದ ಹಿಂಸೆಗೆ ಕ್ಷಮೆ ಕೇಳು ಎಂದಳು. ಕೇಳಿದೆ. ಅರಿಯದೆ ಎಂಬ ಶಬ್ದವನ್ನು ಮಾತ್ರ ನುಂಗಿ ಹೇಳಿದೆ. ಕುಸ್ತಿ ಬಿಟ್ಟೆ. ಆದರೆ ಆ ವಿಡಿಯೋ ಬಿಡಲಾಗಲಿಲ್ಲ. ವಾರಕ್ಕೆರಡು ಸಲ ಹುಕ್ಕೇರಿಗೆ ಹೋಗಿ ನೋಡುತ್ತಿದ್ದೆ. ಅದನ್ನು ನೋಡುತ್ತಾ ಕೂತರೆ ನಾನು ಮಾಡಿದ್ದು ಬರೀ ಅಷ್ಟೇ ಎಂದು ಅರ್ಧ ತಾಸಾದರೂ ನಂಬಬಹುದಿತ್ತು.

ನಾಲ್ಕು ತಿಂಗಳ ಮೇಲೆ ಸತ್ಯಪ್ಪ ವಸ್ತಾದರು ಮನೆಗೆ ಬಂದರು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೂ ಕೂರಲಿಲ್ಲ.

"ಕರೆವ್ವ ಆ ವಿಡಿಯೋ ನೋಡಬೇಕು ಅಂತಾಳ. ಊರ ಮಂದಿ ಎಲ್ಲಾ ನೋಡೇತಿ, ಹಡದಾಕಿ ನಾ ಒಬ್ಬಾಕಿ ನೋಡಿಲ್ಲ ಅಂತಾಳ. ಆಕಿಗಿ ತೋರ್ಸಾಕ ಯಾರಿಗೂ ಮನಸ ಆಗವಲ್ದು. ನೀನ ತೋರ್ಸಬೇಕಂತ ಹಠಾ ಹಿಡದಾಳ. ನಾಳಿ ಹನ್ನೊಂದಕ್ಕ ಗೋಕಾಕ ಸ್ಟ್ಯಾಂಡಿಗಿ ಬರ್ತಾಳ."

ನಾನು ಹೋಗಲಾರೆ ಎನ್ನಬೇಕೆಂದಿದ್ದೆ. ಅವರ ಮುಖ ನೋಡಿ ಹ್ಞೂಂ ಅಂದೆ.

ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಮೊದಲ ಸಲ ನೋಡಿದೆ. ಹೆಂಗಸರು ಕುಸ್ತಿಯ ಮೈದಾನಕ್ಕೆ ಬರುವವರಲ್ಲ. ಮಗ ಆಡಿದ ಒಂದು ಕುಸ್ತಿಯನ್ನೂ ಅವಳು ನೋಡಿರಲಿಲ್ಲ. ಐವತ್ತರ ಹೆಂಗಸು, ಗಟ್ಟಿ ಎಲುಬು, ಕಬ್ಬಿನ ರವುದಿಯ ಒಣ ಗರಿ ತಾಗಿ ಗೀರು ಬಿದ್ದ ಮುಂಗೈ. ಸೆರಗು ತಲೆಯ ಮೇಲೆ.

"ಬಂದ್ರೇನ್ರಿ," ಅಂದಳು. ಅಷ್ಟೇ ಮಾತು.

ಸ್ಟ್ಯಾಂಡಿನ ಬಾಜೂಕೇ ಒಂದು ನೆಟ್ ಅಂಗಡಿ. ಹಗಲು ಹೊತ್ತು, ಗಿರಾಕಿ ಯಾರೂ ಇರಲಿಲ್ಲ. ಹಿಂದಿನ ಗೂಡಿನಲ್ಲಿ ಒಂದೇ ಕುರ್ಚಿ. ಅವಳನ್ನು ಕೂರಲು ಹೇಳಿದೆ, ಕೂರಲಿಲ್ಲ. ನಾನೇ ಕೂತು ವಿಡಿಯೋ ಹಚ್ಚಿದೆ. ಅವಳು ನನ್ನ ಬೆನ್ನ ಹಿಂದೆ ನಿಂತು ಬಗ್ಗಿ ನೋಡಿದಳು. ಅವಳ ಉಸಿರು ನನ್ನ ಕಿವಿಗೆ ಬಡಿಯುತ್ತಿತ್ತು. ವಿಡಿಯೋ ನಡುನಡುವೆ ನಿಲ್ಲುತ್ತಿತ್ತು. ನಿಂತಾಗೆಲ್ಲ ಅವಳ ಉಸಿರೂ ನಿಲ್ಲುತ್ತಿತ್ತು.

ಮುಗಿಯಿತು.

"ಇದರ ಹಿಂದಿಂದ ತೋರ್ಸ್ರಿ," ಅಂದಳು.

"ಹಿಂದಿಂದ ಇಲ್ರಿ ಅವ್ವಾ. ಇಷ್ಟ ಐತ್ರಿ."

"ಇದರ ಮುಂದಿಂದ?"

"ಅದೂ ಇಲ್ರಿ."

"ನನ್ನ ಮಗ ಇಪ್ಪತ್ತನಾಕ ವರ್ಷ ಬದಕ್ಯಾನ. ಇಷ್ಟರಾಗ ಮುಗೀತೇನ್ರಿ?" ಅವಳ ದನಿ ಏರಲಿಲ್ಲ. "ಇದರಾಗ ಅಂವ ಬಿದ್ದಾಂವ ಕಾಣ್ತಾನ, ಸತ್ತಾಂವ ಕಾಣೂದಿಲ್ಲ. ಯಾವಾಗ ಸತ್ತಾ ಅಂವ?"

ನಾನು ಮೇಜಿನ ಮೇಲಿದ್ದ ಕೈಯನ್ನು ಸಟ್ಟನೆ ಕೆಳಗೆ ಎಳೆದುಕೊಂಡೆ. ಅವಳು ಅದನ್ನು ನೋಡಿದಳು. ಅಲ್ಲಿಂದ ಮುಂದೆ ಅವಳ ಮಾತಿನಲ್ಲಿ ರಿ ಬರಲಿಲ್ಲ.

"ಹೆಂಗ ಹಿಡದಿದ್ದಿ? ನನಗ ತೋರ್ಸು."

"ಬ್ಯಾಡ್ರಿ ಅವ್ವಾ."

"ನನ್ನ ಕೈಲೆ ತೋರ್ಸು ಅಂದ್ನಿ."

ಕೂತಲ್ಲಿಂದಲೇ ಅವಳ ಬಲಗೈ ಹಿಡಿದು ನನ್ನ ಗದ್ದದ ಕೆಳಗೆ ತಂದೆ. ಮೊಣಕೈ ಎಲ್ಲಿರಬೇಕು ಹೇಳಿದೆ. ಎಡಗೈಯನ್ನು ಎಲ್ಲಿ ಸಿಕ್ಕಿಸಬೇಕು ಹೇಳಿದೆ. ಎದೆಯ ಭಾರ ಕುತ್ತಿಗೆಯ ಮೇಲೆ ಬಿಡಬೇಕು ಎಂದೂ ಹೇಳಿದೆ. ಹೇಳಿ ಮುಗಿಸುವ ಮೊದಲೇ ಅವಳು ಬಿಗಿದಳು.

ನಲವತ್ತು ವರ್ಷ ಕಬ್ಬು ಕಡಿದ ತೋಳು ಅದು. ರಾಯಪ್ಪನಿಗೆ ಹೇಗಾಗಿತ್ತು ಎಂಬುದು ಅವತ್ತು ಗೊತ್ತಾಯಿತು. ಮೊದಲು ಕಿವಿಯಲ್ಲಿ ಗುಂಯ್ ಎಂಬ ಸದ್ದು, ಆಮೇಲೆ ಕಣ್ಣಿನ ಗುಡ್ಡೆ ಹೊರಬಿದ್ದಂತೆ ನೋವು, ಆಮೇಲೆ ಕಂಪ್ಯೂಟರಿನ ಪರದೆ ಕೆಂಪಾಗಿ ದೂರ ಸರಿಯಿತು. ನಾಲಿಗೆ ತಾನಾಗಿಯೇ ಹೊರಗೆ ಬಂತು. ಕಾಲು ಮೇಜಿನ ಕೆಳಗಿನ ಹಲಗೆಯನ್ನು ಒದೆಯಿತು. ಎದ್ದು ಅವಳನ್ನು ಕೊಡವಿ ಹಾಕುವ ಶಕ್ತಿ ನನ್ನಲ್ಲಿತ್ತು. ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕೂತೆ. ಸಾಯಲಿ, ಇಲ್ಲಿಗೇ ಮುಗಿಯಲಿ ಎನಿಸಿತು. ಎಣಿಕೆ ಮಾತ್ರ ನಡೆದೇ ಇತ್ತು. ಇಪ್ಪತ್ತು, ಇಪ್ಪತ್ತೈದು. ಕುರ್ಚಿ ಹಿಡಿದ ಬೆರಳು ಸಡಿಲಾಗತೊಡಗಿದವು.

ಮೂವತ್ತೆರಡಕ್ಕೆ ಅವಳು ಬಿಟ್ಟಳು.

ಮೇಜಿನ ಮೇಲೆ ಮುಖ ಹಾಕಿ ಕೆಮ್ಮಿದೆ. ಬಾಯಿಂದ ನೊರೆ, ಮೂಗಿನಿಂದ ನೆತ್ತರು. ಅಂಗಡಿಯವನು ಮುಂದಿನಿಂದ ಏನಾತ್ರಿ ಎಂದು ಕೂಗಿದ. ಏನಿಲ್ಲ ಎಂದು ಕರೆವ್ವಳೇ ಉತ್ತರ ಕೊಟ್ಟಳು. ಅವಳು ಗೂಡಿನ ಹಲಗೆಗೆ ಒರಗಿ ತನ್ನ ತೋಳನ್ನೇ ನೋಡುತ್ತಿದ್ದಳು, ಅದು ತನ್ನದೇ ಹೌದೋ ಅಲ್ಲವೋ ಎಂಬಂತೆ.

"ನೀ ಸಡ್ಲ ಆಗಾಕತ್ತಿದ್ದಿ," ಅಂದಳು. "ಜೀವಾ ಹೊಂಟಿದ್ದು ನನ್ನ ಕೈಗಿ ಗೊತ್ತಾತು. ನಾ ಎಂದೂ ಕುಸ್ತಿ ಹಿಡದಾಕಿ ಅಲ್ಲ, ಒಂದ ಕೋಳೀನೂ ಕೊಂದಾಕಿ ಅಲ್ಲ. ನನಗ ಇಷ್ಟರಾಗ ಗೊತ್ತಾತು." ನನ್ನ ಕಣ್ಣು ನೋಡಿದಳು. "ನಿನಗ ಗೊತ್ತಾಗಲಿಲ್ಲೇನು?"

ಗೊತ್ತಾಗಲಿಲ್ಲ ಎನ್ನಬಹುದಿತ್ತು. ಹಲಗಿಯ ಗದ್ದಲ ಎನ್ನಬಹುದಿತ್ತು. ಪರದೆಯ ಮೇಲೆ ಎಂಟು ಸೆಕೆಂಡಿನ ಸಾಕ್ಷಿ ಇನ್ನೂ ತೆರೆದೇ ಇತ್ತು.

"ಎಪ್ಪತ್ತಕ್ಕ ಗೊತ್ತಾಗಿತ್ರಿ ಅವ್ವಾ," ಅಂದೆ. ಗಂಟಲು ಹರಿದು ದನಿ ಸರಿಯಾಗಿ ಬರಲಿಲ್ಲ, ಎರಡನೆಯ ಸಲ ಹೇಳಬೇಕಾಯಿತು. "ಎಪ್ಪತ್ತಕ್ಕ ಅಂವ ಸಡ್ಲಾದ. ಸಡ್ಲಾದಾಂವನ್ನ ಹೊಳ್ಳಸೂದು ಹಗೂರ. ಇನ್ನೂ ಹಗೂರ ಆಗ್ಲಿ ಅಂತ ಹಿಡದನಿ. ನೂರಾ ಅರವತ್ತರ ತನಕಾ ಹಿಡದಿದ್ನಿ."

ಕರೆವ್ವ ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮೂಗಿನ ನೆತ್ತರು ಒರೆಸಿಕೊಳ್ಳಲೆಂದು ಮೇಜಿನ ಮೇಲಿದ್ದ ಅರಿವೆಯನ್ನು ನನ್ನ ಕಡೆ ಸರಿಸಿದಳು.

"ಏಳು," ಅಂದಳು. "ನನ್ನ ಮುಂದ ಹೇಳಿದ್ದನ್ನ ಆ ಫೌಜದಾರನ ಮುಂದ ಹೇಳು. ನಾ ಬಾಜೂಕ ನಿಂದರ್ತೇನಿ."